ಅಟ್ಟದ ಮೇಲಿನವನು

ನೊರ್ಹತಾಳ ಪಾದಗಳು ಬಾತುಕೊಂಡಿದ್ದವು. ಮಗಳನ್ನು ತೂಕದ ಜೋಲಿಗೆ ಹಾಕಲು ಅವಳು ಬಾಗಿಲ ಬಳಿ ಬಂದಾಗ ಉಟ್ಟಿದ್ದ ಕೊಳವೆಯಂಥ ಮಾಲೊಂಗ್ ಬಟ್ಟೆ ಒಂದು ಗೇಣು ಮೇಲಕ್ಕೆ ಸರಿಯಿತು. ಹೆಬ್ಬೆರಳಿನ ಉಗುರು ಮಾಂಸದೊಳಗೆ ಹೂತುಹೋದಂತಿತ್ತು. ಮಕ್ಕಳ ತಿಂಗಳ ತೂಕ ತೆಗೆಯಲು ಬಂದಿದ್ದ ರಸ್ಮಿಯಾ ಮುಳ್ಳು ನೋಡಿ ಹನ್ನೆರಡು ಕಿಲೋ ಎಂದು ಬರೆದುಕೊಂಡಳು. ಮತ್ತೆ ಪಾದ ನೋಡಿದಳು, ಆಮೇಲೆ ಹೊಟ್ಟೆ. ಎದೆಯವರೆಗೆ ಎತ್ತಿ ಸಡಿಲವಾಗಿ ಕಟ್ಟಿದ ಮಾಲೊಂಗ್ ಒಳಗೆ ಏನಿದೆ ಎಂದು ಗಂಡಸರಿಗೆ ತಿಳಿಯುವುದಿಲ್ಲ. ಹೆಂಗಸರಿಗೆ ತಿಳಿಯುತ್ತದೆ. ಏಳು ತಿಂಗಳಾದರೂ ಆಗಿರಬೇಕು.

ನೊರ್ಹತಾಳ ಗಂಡ ಅಮೆರೋಲ್ ಜೆದ್ದಾಕ್ಕೆ ಹೋಗಿ ಎರಡು ವರ್ಷವಾಯಿತೆಂದು ಸರೋವರದ ಈ ದಂಡೆಗೆಲ್ಲ ಗೊತ್ತಿತ್ತು. ಯಾಕೆ ಹೋದ ಎಂಬುದೂ ಗೊತ್ತಿತ್ತು. ರಸ್ಮಿಯಾಳ ಗಂಡ ಸಾಯ್ದಾಮೆನ್‌ನನ್ನು ಕೊಂದವನು ಅವನೇ.

"ತಲೆ ನೋಯ್ತಿದೆಯಾ?" ರಸ್ಮಿಯಾ ಮೆಲ್ಲಗೆ ಕೇಳಿದಳು.

ನೊರ್ಹತಾ ಒಲೆಯ ಕಡೆ ನೋಡಿದಳು. ಅಲ್ಲಿ ಅತ್ತೆ ಮಿನಾಂಗ್ ಕಾಫಿ ಸೋಸುತ್ತಿದ್ದಳು. "ಮೂರು ದಿನದಿಂದ. ಕಣ್ಣ ಮುಂದೆ ಮಿಂಚುಹುಳ ಹಾರಿದ ಹಾಗಾಗುತ್ತೆ ಅಕ್ಕಾ."

ಬಸುರಿಗೆ ಪಾದ ಬಾತು, ತಲೆನೋವು ಬಂದು, ಕಣ್ಣಲ್ಲಿ ಕಿಡಿ ಕಂಡರೆ ಅದೇ ದಿನ ಆಸ್ಪತ್ರೆಗೆ ಸೇರಿಸಬೇಕು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ರಸ್ಮಿಯಾ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದಳು. ಕಾಫಿ ಬಂತು. ವೈರಿಯ ಕಡೆಯವರೇ ಆದರೂ ಮನೆಗೆ ಬಂದ ಹೆಂಗಸಿಗೆ ಕಾಫಿ ಕೊಡಬೇಕು. ಕೊಟ್ಟದ್ದನ್ನು ಅವಳು ಕುಡಿಯಬೇಕು. ಒಂದು ವರ್ಷದಿಂದ ತಿಂಗಳಿಗೊಮ್ಮೆ ಅವಳು ಈ ಮನೆಯ ಕಾಫಿ ಕುಡಿಯುತ್ತಿದ್ದಳು. ಕುಡಿಯುತ್ತ ತಲೆ ಎತ್ತಿದಳು. ಈ ಮನೆಗೆ ಅಟ್ಟವಿದೆ, ಆದರೆ ಅಟ್ಟಕ್ಕೆ ಏಣಿಯಿಲ್ಲ ಎಂಬುದು ಅವತ್ತು ಮೊದಲ ಬಾರಿಗೆ ಅವಳಿಗೆ ಹೊಳೆಯಿತು. ಏಣಿಯನ್ನು ಯಾರೋ ಮೇಲಕ್ಕೆ ಎಳೆದುಕೊಂಡಿದ್ದರು.

ಲೋಟ ಖಾಲಿ ಮಾಡಿ, ಮಿನಾಂಗ್‌ಳನ್ನು ಹಿರಿಯ ಹೆಂಗಸರನ್ನು ಕರೆಯುವಂತೆ ಬಾಬೊ ಎಂದು ಕರೆದು, ಕಾಫಿ ಚೆನ್ನಾಗಿತ್ತು ಎಂದು ಹೇಳಿ, ಮೆಟ್ಟಿಲಿಳಿದು ಚಪ್ಪಲಿ ಹಾಕಿಕೊಂಡು ಹೊರಟಳು. ಆಸ್ಪತ್ರೆಯ ಮಾತು ಎತ್ತಲಿಲ್ಲ. ಅಂದು ಸೋಮವಾರ.

ಎರಡು ಮನೆತನಗಳ ನಡುವಿನ ರಿಡೊ, ಅಂದರೆ ಕುಲವೈರ, ಶುರುವಾದದ್ದು ಒಂದು ಬಾಸ್ಕೆಟ್‌ಬಾಲ್ ಆಟದಲ್ಲಿ. ಇಬ್ಬರು ಹುಡುಗರು ಕೈ ಕೈ ಮಿಲಾಯಿಸಿದರು, ಒಬ್ಬನ ಹಲ್ಲು ಹೋಯಿತು. ಹಲ್ಲಿಗೆ ಒಂದು ಹಸು ಹೋಯಿತು, ಹಸುವಿಗೆ ಒಂದು ಮನೆ ಸುಟ್ಟುಹೋಯಿತು. ಸಾಯ್ದಾಮೆನ್ ಆ ಆಟ ನೋಡಿಯೂ ಇರಲಿಲ್ಲ. ಅವನು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದ. ಆದರೆ ರಿಡೊದಲ್ಲಿ ಜಗಳ ಆಡಿದವನನ್ನು ಹುಡುಕುವುದಿಲ್ಲ, ಎದುರು ಮನೆತನದಲ್ಲಿ ಬೆಲೆಯುಳ್ಳವನನ್ನು ಹುಡುಕುತ್ತಾರೆ. ಆ ಮನೆತನದಲ್ಲಿ ಡಿಗ್ರಿ ಮಾಡಿದವನು ಅವನೊಬ್ಬನೇ. ಎರಡು ವರ್ಷದ ಹಿಂದಿನ ಒಂದು ಮಂಗಳವಾರ ಬೆಳಿಗ್ಗೆ, ರಸ್ಮಿಯಾ ಇಸ್ತ್ರಿ ಮಾಡಿಕೊಟ್ಟ ಬಿಳಿ ಅಂಗಿ ತೊಟ್ಟು ಶಾಲೆಯ ಗೇಟಿನ ಬಳಿ ನಿಂತಿದ್ದಾಗ ಅಮೆರೋಲ್ ಹಿಂದಿನಿಂದ ಗುಂಡು ಹೊಡೆದ. ಅಂಗಿಯ ಮುಂಭಾಗ ಕೊನೆಯವರೆಗೂ ಬೆಳ್ಳಗೇ ಇತ್ತು.

ಗಂಡ ಸತ್ತವಳು ಕೂರಬೇಕಾದ ನಾಲ್ಕು ತಿಂಗಳು ಹತ್ತು ದಿನ ರಸ್ಮಿಯಾ ಮನೆಯೊಳಗೆ ಕೂತಳು. ಅಳಲಿಲ್ಲ. ಅತ್ತಿಗೆಯರು ಅವಳ ಪರವಾಗಿ ಅತ್ತರು. ಹೊರಗೆ ಬಂದ ಮೇಲೆ ತಾನು ಓದಿದ ಸಮಾಜಕಾರ್ಯದ ಪದವಿ ಹಿಡಿದು ಪಟ್ಟಣದ ಒಂದು ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದಳು. ಯಾವ ಹಳ್ಳಿ ಬೇಕು ಎಂದು ಕೇಳಿದಾಗ ಅಮೆರೋಲ್‌ನ ಹಳ್ಳಿಯ ಹೆಸರು ಹೇಳಿದಳು.

ಸಂಸ್ಥೆಯ ಮೇಲ್ವಿಚಾರಕಿ ತೆರೆಸಿತಾ ಮೇಡಂ ಸೆಬೂ ದ್ವೀಪದ ಕಡೆಯ ಕ್ರೈಸ್ತಳು, ಒಳ್ಳೆಯ ಹೆಂಗಸು. ರಸ್ಮಿಯಾಳ ಕೈ ಹಿಡಿದು, ಕ್ಷಮೆ ಎಂದರೆ ಇದು ಎಂದು ಕಣ್ಣೊರೆಸಿಕೊಂಡಳು. ಮುಸ್ಲಿಂ ಮನೆಗಳಿಗೆ ಹೋದಾಗ ಹೇಗಿರಬೇಕೆಂದು ಅವಳೇ ತರಬೇತಿ ಕೊಡುತ್ತಿದ್ದಳು. ಮೊದಲು ಹಿರಿಯರ ಜೊತೆ ಮಾತಾಡಿ. ಯಾರ ತಪ್ಪನ್ನೂ ಎತ್ತಿ ಆಡಬೇಡಿ. ಉತ್ತರ ಅವರ ಬಾಯಿಂದಲೇ ಬರಲಿ. ಮೌನ ಬಂದರೆ ಮೌನಕ್ಕೆ ಜಾಗ ಕೊಡಿ. ಸರೋವರದ ಸುತ್ತಲಿನ ಮರನಾವೊ ಜನರ ಹುಡುಗಿಯರು ಸಾಲಾಗಿ ಕೂತು ತಮ್ಮ ಮನೆಯ ಸಂಗತಿಗಳನ್ನು ಸೆಬೂವಿನವಳ ಬಾಯಿಂದ ಬರೆದುಕೊಳ್ಳುತ್ತಿದ್ದರು. ರಸ್ಮಿಯಾ ಎಲ್ಲರಿಗಿಂತ ಅಚ್ಚುಕಟ್ಟಾಗಿ ಬರೆದುಕೊಂಡಿದ್ದಳು.

ಅಮೆರೋಲ್‌ನ ಮನೆಯವರು ಅವಳನ್ನು ಒಳಗೆ ಬಿಟ್ಟುಕೊಂಡದ್ದರಲ್ಲಿ ಆಶ್ಚರ್ಯವಿರಲಿಲ್ಲ. ಹೆಂಗಸರಿಗೆ ರಿಡೊ ಇಲ್ಲ. ಗಂಡಸರು ತಿಂಗಳುಗಟ್ಟಲೆ ಬಾಗಿಲು ಹಾಕಿಕೊಂಡು ಕೂತಾಗ ಸಂತೆಗೆ ಹೋಗುವವರು, ಗದ್ದೆ ನೋಡುವವರು ಹೆಂಗಸರೇ. ಎದುರಾಳಿಯ ಹೆಂಗಸು ದಾರಿಯಲ್ಲಿ ಸಿಕ್ಕರೆ ಮಾತಾಡಿಸುತ್ತಾರೆ ಕೂಡ. ಹೆಂಗಸು ಲೆಕ್ಕಕ್ಕಿಲ್ಲ. ಆ ಮನೆಯವರು ಮಾಡಿದ ತಪ್ಪು ಅದೊಂದೇ.

ಸಾಯ್ದಾಮೆನ್‌ನ ಅಣ್ಣ ಲೊಮಾಲಾ ಸಂತೆ ಬೀದಿಯಲ್ಲಿ ಟೈರ್ ರಿಪೇರಿ ಅಂಗಡಿ ಇಟ್ಟಿದ್ದ. ಪ್ರತಿ ವಾರ ಅವಳನ್ನು ಕಂಡಾಗ ಏನಾದರೂ ತಿಳಿಯಿತಾ ಎಂದು ಕೇಳುತ್ತಿದ್ದ. ಇಲ್ಲ ಭಾವ ಎನ್ನುತ್ತಿದ್ದಳು. ಆ ಮಂಗಳವಾರವೂ ಕೇಳಿದ. ಆ ಮಂಗಳವಾರವೂ ಇಲ್ಲ ಎಂದಳು. ಹೇಳಿದ್ದರೆ ಸೂರ್ಯ ಮುಳುಗುವುದರೊಳಗೆ ಅಮೆರೋಲ್ ಸಾಯುತ್ತಿದ್ದ. ಗುಂಡು ತಿಂದು ಸತ್ತವನಿಗೆ ಅವನ ಮನೆತನ ಮಾನ ಮರ್ಯಾದೆಯಿಂದ ಮಣ್ಣು ಕೊಡುತ್ತದೆ, ಅವನ ಮಕ್ಕಳು ಅವನ ಹೆಸರು ಹೇಳಿಕೊಂಡು ಬೆಳೆಯುತ್ತಾರೆ. ಅಷ್ಟು ಒಳ್ಳೆಯದನ್ನು ಅವನಿಗೆ ಮಾಡಲು ಅವಳಿಗೆ ಮನಸ್ಸಿರಲಿಲ್ಲ.

ಮಂಗಳವಾರ, ಬುಧವಾರ ಅವಳು ಯೋಚಿಸಿದಳು. ಬಸುರಿಯರಿಗೆ ಹಾಲಿನ ಪುಡಿ ಕೊಡುವ ಸಂಸ್ಥೆಯದೊಂದು ಪಟ್ಟಿ ಇತ್ತು. ತಾಯಿಯ ಹೆಸರು, ಎಷ್ಟು ತಿಂಗಳು, ತಂದೆಯ ಹೆಸರು, ತಂದೆ ಇರುವ ಸ್ಥಳ. ಬೇಕಾದವರಿಗೆ ಮಾತ್ರ ಕೊಟ್ಟರು ಎಂಬ ಮಾತು ಬರಬಾರದೆಂದು ಪ್ರತಿ ಶುಕ್ರವಾರ ಅದನ್ನು ಮದರಸಾದ ಗೋಡೆಗೆ ಅಂಟಿಸುತ್ತಿದ್ದರು. ನಮಾಜ್ ಮುಗಿಸಿ ಬರುವ ಗಂಡಸರೆಲ್ಲ ನಿಂತು ಓದುತ್ತಿದ್ದರು.

ಗುರುವಾರ ಬೆಳಿಗ್ಗೆ ಅವಳು ಸಂಸ್ಥೆಯ ಜೀಪನ್ನು ಜೊತೆಗೆ ತಂದಳು. ಅದು ಕಂಬಗಳ ಮೇಲೆ ಕಟ್ಟಿದ ಮನೆಯ ಕೆಳಗೆ ನಿಂತಿತು. ನೊರ್ಹತಾ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ಮುಖವೂ ಬಾತಿತ್ತು. ರಸ್ಮಿಯಾ ಅವಳನ್ನು ಮಾತಾಡಿಸಲಿಲ್ಲ, ಕಲಿತಂತೆ ಮೊದಲು ಹಿರಿಯಳ ಎದುರು ಕೂತಳು. ಮಿನಾಂಗ್‌ಳ ಮಂಡಿನೋವು, ಈ ಸಲದ ಮೆಣಸಿನಕಾಯಿ, ಸರೋವರದ ಮೀನು, ಎಲ್ಲ ವಿಚಾರಿಸಿದಳು. ಕಾಫಿ ಬಂದ ಮೇಲೆ, ಸೊಸೆಯ ಹೆಸರನ್ನು ತಾಯಂದಿರ ಪಟ್ಟಿಗೆ ಸೇರಿಸಬೇಕು ಎಂದಳು.

ಅದು ವಾಯು ಎಂದಳು ಮಿನಾಂಗ್. ಹಲಸಿನ ಹಣ್ಣು ತಿಂದದ್ದು ಎಂದಳು. ರಸ್ಮಿಯಾ ತಲೆಯಾಡಿಸುತ್ತ ಎಲ್ಲ ಕೇಳಿಸಿಕೊಂಡಳು. ಕೊನೆಗೆ ಮುದುಕಿ ಎಲೆಯಡಿಕೆ ಉಗಿದು ಬಂದು ಹತ್ತಿರ ಕೂತಳು.

"ಯಾರಿಗೆ ಹೇಳಿದೀಯ?"

"ಯಾರಿಗೂ ಇಲ್ಲ ಬಾಬೊ."

"ನಿನ್ನ ಭಾವನಿಗೆ?"

"ಹೇಳಿದ್ರೆ ಈ ಹೊತ್ತಿಗೆ ನಾವು ಹೀಗೆ ಕೂತು ಕಾಫಿ ಕುಡೀತಿದ್ವಾ?"

ರಸ್ಮಿಯಾ ಪಟ್ಟಿಯನ್ನು ಮಂಡಿಯ ಮೇಲಿಟ್ಟುಕೊಂಡು ಹೆಸರು ಬರೆದಳು. ತಿಂಗಳು ಬರೆದಳು. ತಂದೆಯ ಹೆಸರಿನ ಜಾಗಕ್ಕೆ ಬಂದಾಗ ಪೆನ್ನು ನಿಲ್ಲಿಸಿ ಮುದುಕಿಯ ಮುಖ ನೋಡಿದಳು.

"ಅಮೆರೋಲ್ ಅಂತ ಬರಿ," ಎಂದಳು ಮಿನಾಂಗ್. "ಜೆದ್ದಾ ಅಂತ ಬರಿ."

"ಎರಡು ವರ್ಷದಿಂದ ಬಂದಿಲ್ಲ ಅಂತ ಊರಿಗೆಲ್ಲ ನೀವೇ ಹೇಳಿದೀರಿ ಬಾಬೊ. ಅಂಚೆಯಲ್ಲಿ ಬಸುರು ಕಳಿಸಿದ್ನಾ?"

"ಓದಿದವಳ ನಾಲಿಗೆ ಉದ್ದ ಆಗಿದೆ."

"ತಪ್ಪಾಯ್ತು. ನೀವು ಹೇಳಿದ ಹಾಗೆ ಬರೀತೀನಿ. ಏನು ಬರೀಲಿ, ನೀವೇ ಹೇಳಿ."

ಮುದುಕಿ ಬಹಳ ಹೊತ್ತು ಸುಮ್ಮನಿದ್ದಳು. ರಸ್ಮಿಯಾ ಆ ಮೌನಕ್ಕೆ ಜಾಗ ಕೊಟ್ಟಳು. ಮನೆಯಲ್ಲಿದ್ದಾನೆ ಎಂದು ಬರೆದರೆ ನಾಳೆ ಲೊಮಾಲಾ ಓದುತ್ತಾನೆ. ಏನೂ ಬರೆಯದಿದ್ದರೆ ನೊರ್ಹತಾಳ ನಾಲ್ವರು ಅಣ್ಣಂದಿರು ಓದುತ್ತಾರೆ. ಕಾಡಿನಲ್ಲಿ ಮರ ಕೊಯ್ಯುವವರು, ಮುಂಗೋಪಿಗಳು. ಗಂಡ ದೂರದಲ್ಲಿರುವಾಗ ತಂಗಿ ಬಸುರಾದಳೆಂದು ಮದರಸಾದ ಗೋಡೆಯ ಮೇಲೆ ಓದಿಕೊಂಡು ಅವರು ಮನೆಗೆ ಹೋಗಿ ಮಲಗುವ ಪೈಕಿಯಲ್ಲ. ಮುದುಕಿಗೆ ಇದೆಲ್ಲ ಗೊತ್ತಿತ್ತು. ನೊರ್ಹತಾಳಿಗೂ ಗೊತ್ತಿತ್ತು. ಗೋಡೆಗೆ ಒರಗಿದವಳು ಈಗ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು.

"ಖಾಲಿ ಬಿಡು," ಎಂದಳು ಮಿನಾಂಗ್.

"ಅತ್ತೆ," ಎಂದಳು ನೊರ್ಹತಾ.

"ನಿನ್ನ ಅಣ್ಣಂದಿರ ಹತ್ರ ನಾನು ಮಾತಾಡ್ತೀನಿ."

"ಏನಂತ ಮಾತಾಡ್ತೀರಿ?"

ಮುದುಕಿ ತಲೆವಸ್ತ್ರದ ತುದಿಯಲ್ಲಿ ಬಾಯಿ ಒರೆಸಿಕೊಂಡಳು.

ಆಗ ರಸ್ಮಿಯಾ ದನಿ ಎತ್ತಿದಳು. ಕೂಗಲಿಲ್ಲ, ಹಿಂದಿನ ಬೆಂಚಿಗೂ ಕೇಳುವಂತೆ ಪಾಠ ಓದುವವರ ದನಿಯಲ್ಲಿ ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಹಾಗಾದ್ರೆ ಓದಿ ಹೇಳ್ತೀನಿ, ಸರಿಯಾಗಿದೆಯಾ ನೋಡಿ. ನೊರ್ಹತಾ. ಗಂಡ ಎರಡು ವರ್ಷದಿಂದ ಜೆದ್ದಾದಲ್ಲಿ. ಹೊಟ್ಟೆಯಲ್ಲಿ ಏಳು ತಿಂಗಳು. ತಂದೆ ಯಾರು ಅಂತ ಗೊತ್ತಿಲ್ಲ. ಅತ್ತೆ ಒಪ್ಪಿ ಬರೆಸಿದ್ದು."

ಮೇಲೆ ಒಂದು ಹಲಗೆ ನರಳಿತು. ಹಲಗೆಗಳ ಸಂದಿಯಿಂದ ಹೊಟ್ಟಿನ ಧೂಳು ಸಣ್ಣಗೆ ಉದುರಿತು. ಮೂವರೂ ಅದನ್ನು ನೋಡಿದರು. ಆಮೇಲೆ ಸದ್ದಿಲ್ಲ.

ನೊರ್ಹತಾ ಕಂಬ ಹಿಡಿದು ಎದ್ದಳು. ಅಟ್ಟದ ಕೆಳಗೆ ಹೋಗಿ ನಿಂತು ಕತ್ತೆತ್ತಿದಳು.

"ಕೇಳಿಸ್ತಾ?" ಎಂದಳು. "ಏಣಿ ಇಳಿಸು. ಬಂದು ನಂದು ಅಂತ ಒಂದು ಮಾತು ಹೇಳು. ಸಾಕು."

ಕೆಳಗೆ ಜೀಪಿನ ಡ್ರೈವರ್ ಕೆಮ್ಮಿದ. ಕೋಳಿಯೊಂದು ಮೆಟ್ಟಿಲು ಹತ್ತಿ ಬಂದು ಒಳಗೆ ಇಣುಕಿ ಇಳಿದು ಹೋಯಿತು.

"ಇಳೀಬೇಡ ಬಿಡು. ಅಲ್ಲಿಂದಲೇ ಹೇಳು."

ರಸ್ಮಿಯಾ ಕಾದಳು. ಎರಡು ವರ್ಷದಲ್ಲಿ ಮೊದಲ ಸಲ ಅವಳ ಮೈಯಲ್ಲಿ ರಕ್ತ ಓಡಿದಂತಾಯಿತು, ಬೆರಳ ತುದಿಗಳು ಬಿಸಿಯಾದವು. ಅವನು ಇಳಿದು ಬಂದರೆ ಏನು ಮಾಡಬೇಕೆಂದು ಅವಳು ಯೋಚಿಸಿರಲಿಲ್ಲ. ಇಳಿಯುವುದಿಲ್ಲ ಎಂದು ಗೊತ್ತಿತ್ತು. ಬೆನ್ನಿಗೆ ಹೊಡೆದವನು ಮುಖ ತೋರಿಸುವುದಿಲ್ಲ.

ನೊರ್ಹತಾ ಕತ್ತು ಇಳಿಸಿದಳು. ತಿರುಗಿದಾಗ ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ, ಸಂತೆಯಲ್ಲಿ ಕೊಳೆತ ಮೀನನ್ನು ಮೂಸಿ ವಾಪಸ್ ಇಡುವವಳ ಮುಖ ಅದು.

"ಬರಿ ಅಕ್ಕಾ. ತಂದೆ ಅಮೆರೋಲ್. ಇರೋದು ಈ ಮನೆ ಅಟ್ಟದ ಮೇಲೆ. ಎರಡು ವರ್ಷದಿಂದ ಅವನ ಮಲದ ಡಬ್ಬ ಹೊರ್ತಿರೋಳು ನಾನು."

ಮಿನಾಂಗ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ರಸ್ಮಿಯಾ ಬರೆದಳು. ನೊರ್ಹತಾ ಮಗಳ ಕೈ ಹಿಡಿದು, ಬಟ್ಟೆಬರೆ ಏನೂ ತೆಗೆದುಕೊಳ್ಳದೆ, ಒಂದೊಂದೇ ಮೆಟ್ಟಿಲು ಇಳಿದಳು.

ದಾರಿಯಲ್ಲಿ ಅವಳಿಗೆ ಸೆಳವು ಬಂದು ಮೈ ಸೆಟೆಯಿತು. ರಸ್ಮಿಯಾ ಅವಳನ್ನು ಎಡಮಗ್ಗುಲಿಗೆ ಹೊರಳಿಸಿ ಹಿಡಿದುಕೊಂಡಳು. ನಾಲ್ಕು ವರ್ಷದ ಮಗು ಅಮ್ಮನ ಬಾಯಿಯ ನೊರೆ ನೋಡುತ್ತ ಸೀಟಿನ ಮೂಲೆಯಲ್ಲಿ ಮುದುಡಿತ್ತು. ನಗರದ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ತೆಗೆದರು. ಗಂಡುಮಗು, ಒಂದು ಮೊಳವೂ ಉದ್ದವಿರಲಿಲ್ಲ. ಬದುಕಿತು. ನೊರ್ಹತಾಳಿಗೆ ಕಣ್ಣು ಮಂಜಾಗಿ ಏನೂ ಕಾಣುತ್ತಿರಲಿಲ್ಲ. ಸಂಜೆ ಅಣ್ಣಂದಿರು ಬಂದರು. ದನಿಗಳಿಂದಲೇ ಯಾರು ಯಾರೆಂದು ಗುರುತು ಹಿಡಿದು ಅವಳು ಎಲ್ಲ ಹೇಳಿದಳು. ತಾನು ಕತ್ತೆತ್ತಿ ಎರಡು ಸಲ ಕೇಳಿದ್ದನ್ನೂ ಹೇಳಿದಳು. ದೊಡ್ಡಣ್ಣ ಹೊರಗೆ ಬಂದು ರಸ್ಮಿಯಾಳನ್ನು ಕೇಳಿದ್ದು ಒಂದೇ: ಅವನಿಗೆ ಕೇಳಿಸಿತ್ತಾ? ಕೇಳಿಸಿತ್ತು, ಮೇಲಿನಿಂದ ಧೂಳು ಉದುರಿತು ಎಂದಳು.

ಶುಕ್ರವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಅವಳು ವಾಪಸ್ ಬಂದು, ಪಟ್ಟಿಯನ್ನು ಮದರಸಾದ ಗೋಡೆಗೆ ಅಂಟಿಸಿ, ಲೊಮಾಲಾನ ಅಂಗಡಿಗೆ ಹೋದಳು. ನಿಂತುಕೊಂಡೇ ಹೇಳಿದಳು. ಅವನು ಪೂರ್ತಿ ಕೇಳಲಿಲ್ಲ. ಒಳಗೆ ಹೋಗಿ ಮಾಲೊಂಗ್‌ನಲ್ಲಿ ಸುತ್ತಿದ ಬಂದೂಕು ತಂದ.

"ಹೋಗಿ ಹೊಡೀರಿ," ಎಂದಳು ರಸ್ಮಿಯಾ. "ನಾಳೆಯಿಂದ ಅವನು ಗಂಡಸಾಗ್ತಾನೆ. ಇವತ್ತು ಅವನ ತಾಯಿಗೂ ಅವನ ಹೆಸರು ಹೇಳೋಕೆ ಬಾಯಿಲ್ಲ. ನೀವು ಹೊಡೆದ್ರೆ ಅವನ ಮನೆತನದವರು ಇದನ್ನೆಲ್ಲ ಮರೀತಾರೆ. ಆಮೇಲೆ ನಿಮ್ಮ ಮಗ ರಶೀದಿನ್‌ನ ಹುಡುಕ್ತಾರೆ. ಈಗ ಅವನೂ ಕಾಲೇಜು ಮುಗಿಸಿದಾನಲ್ಲ."

"ನಿನಗೆ ನಿನ್ನ ಗಂಡನ ರಕ್ತಕ್ಕೆ ಸೇಡು ಬೇಡ್ವಾ?"

"ಬೇಕಾಗಿರೋದು ಅದಕ್ಕಿಂತ ಜಾಸ್ತಿ ಭಾವ. ಅವನು ಬದುಕಿರಬೇಕು. ಇದೇ ಬೀದಿಯಲ್ಲಿ ಓಡಾಡಬೇಕು. ಯಾರಿಗೂ ಅವನನ್ನ ಕೊಲ್ಲೋಕೂ ಬೇಡವಾಗಬೇಕು."

ಲೊಮಾಲಾ ಅವಳನ್ನೇ ನೋಡಿದ. ತಮ್ಮನ ಈ ಹೆಂಡತಿ ಇಷ್ಟು ಮಾತಾಡಿದ್ದನ್ನು ಅವನು ಕೇಳಿರಲಿಲ್ಲ. ಬಂದೂಕನ್ನು ಕೌಂಟರಿನ ಮೇಲಿಟ್ಟು ಕೂತ. ಎಷ್ಟೋ ಹೊತ್ತಿನ ಮೇಲೆ, "ಮಲದ ಡಬ್ಬನಾ?" ಎಂದು ಕೇಳಿ, ತನಗೇ ಬೇಡವೆನಿಸಿದರೂ ತಡೆಯಲಾರದೆ ನಗತೊಡಗಿದ.

ನಮಾಜ್ ಬಿಟ್ಟ ಮೇಲೆ ಗಂಡಸರು ಗೋಡೆಯ ಮುಂದೆ ನಿಂತರು. ತಂದೆ ಇರುವ ಸ್ಥಳ: ಮನೆಯ ಅಟ್ಟ. ಒಬ್ಬ, ಅಟ್ಟಕ್ಕೂ ಈಗ ವೀಸಾ ಕೊಡ್ತಾರಾ ಎಂದ. ಅಲ್ಲಿಂದ ಶುರುವಾಯಿತು. ಜೆದ್ದಾದಲ್ಲಿ ಹೆಗ್ಗಣ ಎಷ್ಟು, ಜೆದ್ದಾಕ್ಕೆ ಹೋಗಲು ಎಷ್ಟು ಮೆಟ್ಟಿಲು ಎಂದು ಮಕ್ಕಳೂ ಕಲಿತರು. ನೊರ್ಹತಾಳ ಅಣ್ಣಂದಿರು ಬರಿಗೈಯಲ್ಲಿ ಆ ಮನೆಗೆ ಬಂದು ತಂಗಿಯ ಪೆಟ್ಟಿಗೆ, ಹಿತ್ತಾಳೆ ತಟ್ಟೆಗಳು, ಮಗುವಿನ ತೊಟ್ಟಿಲು ಹೊತ್ತುಕೊಂಡು ಹೋದರು. ಮೇಲಕ್ಕೆ ಕತ್ತೆತ್ತಿಯೂ ನೋಡಲಿಲ್ಲ. ವೀರನೆಂದು ಎರಡು ವರ್ಷ ಅಕ್ಕಿ ಕಳಿಸುತ್ತಿದ್ದ ಅಮೆರೋಲ್‌ನ ದೊಡ್ಡಪ್ಪ ಕಳಿಸುವುದನ್ನು ನಿಲ್ಲಿಸಿದ. ತೆರೆಸಿತಾ ಮೇಡಂ ಮಾತ್ರ ತನ್ನ ವರದಿಯಲ್ಲಿ, ಸಮುದಾಯದ ನಂಬಿಕೆ ಗಳಿಸಿ ಒಬ್ಬ ತಾಯಿಯ ಜೀವ ಉಳಿಸಿದ್ದು ಎಂದು ಬರೆದು ಮುಂದಿನ ತರಬೇತಿಯಲ್ಲಿ ಅದನ್ನೇ ಉದಾಹರಣೆ ಕೊಟ್ಟಳು.

ಮೂರು ವಾರದ ಮೇಲೆ ಆಸ್ಪತ್ರೆಯಿಂದ ಬಿಡುವ ದಿನ ರಸ್ಮಿಯಾ ಹೋದಳು. ನೊರ್ಹತಾಳಿಗೆ ಈಗ ಕಣ್ಣು ಕಾಣುತ್ತಿತ್ತು. ಮಗುವಿಗೆ ಹಾಲೂಡಿಸುತ್ತ, ತಲೆ ಎತ್ತದೆ ಹೇಳಿದಳು.

"ನೀನು ಸೋಮವಾರ ನೋಡಿದೆ. ಗುರುವಾರ ಬಂದೆ."

"ಹೌದು."

"ಕಾಯಿಲೆ ಏನು ಅಂತ ನಿನಗೆ ಗೊತ್ತಿತ್ತು ಅಂತ ಇಲ್ಲಿ ಡಾಕ್ಟರಮ್ಮ ಹೇಳಿದ್ರು. ನಿಮಗೆಲ್ಲ ಕಲಿಸಿರ್ತಾರಂತೆ."

"ಗೊತ್ತಿತ್ತು."

"ನಾನು ಸತ್ತಿದ್ರೆ?"

ನೊರ್ಹತಾ ಮಗುವನ್ನು ಇನ್ನೊಂದು ಎದೆಗೆ ಬದಲಾಯಿಸಿದಳು. ಇನ್ನು ಮುಂದೆ ತನ್ನ ಅಣ್ಣಂದಿರ ಮನೆಗೆ ತೂಕ ಮಾಡಲು ಬೇರೆ ಯಾರನ್ನಾದರೂ ಕಳಿಸು ಎಂದಳು. ರಸ್ಮಿಯಾ ಆಗಲಿ ಎಂದಳು. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಾಗ ತನಗೆ ನಾಚಿಕೆಯಾಗುತ್ತಿದೆಯೇ ಎಂದು ಹುಡುಕಿ ನೋಡಿಕೊಂಡಳು. ಆಗುತ್ತಿತ್ತು. ಆದರೂ ಆ ಸೋಮವಾರ ಮತ್ತೆ ಬಂದರೆ ತಾನು ಕಾಫಿ ಕುಡಿದು ಹೊರಟುಬರುತ್ತೇನೆ ಎಂಬುದೂ ಗೊತ್ತಿತ್ತು.

ಇನ್ನೊಂದು ತಿಂಗಳಿಗೆ ಅಮೆರೋಲ್ ಇಳಿದ. ಕಲ್ಲಿನಡಿ ಮೊಳೆತ ಗಿಡದಂತೆ ಬಿಳಿಚಿಕೊಂಡಿದ್ದ. ಸಂತೆಯ ದಿನ, ನಡುಬೀದಿಯಲ್ಲಿ, ಅಂಗಿಯ ಗುಂಡಿ ಬಿಚ್ಚಿಕೊಂಡು ಲೊಮಾಲಾನ ಅಂಗಡಿಯ ಮುಂದೆ ಬಂದು ನಿಂತ. ಸುತ್ತಲಿನವರು ಒಂದು ಕ್ಷಣ ಉಸಿರು ಹಿಡಿದರು. ಲೊಮಾಲಾ ಟ್ಯೂಬನ್ನು ನೀರಿನ ಬಾನಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ. ತಲೆ ಎತ್ತಿ ನೋಡಿ, "ಪಂಚರಾ?" ಎಂದು ಕೇಳಿದ. ಅವನು ಮಾತಾಡದಿರಲು, ಗಾಡಿ ತಗೊಂಡು ಬಾ ಎಂದು ಮತ್ತೆ ಟ್ಯೂಬ್ ಅದ್ದಿದ.

ಅಲ್ಲಿಂದ ಅವನು ಬಂದದ್ದು ಆರೋಗ್ಯದ ಗುಡಿಸಲಿಗೆ. ರಸ್ಮಿಯಾ ತಿಂಗಳ ತೂಕ ತೆಗೆಯುತ್ತಿದ್ದಳು. ಹೆಂಗಸರ ಸಾಲು ಮಾವಿನ ಮರದವರೆಗೆ ಇತ್ತು. ಪರಗಂಡಸು ಬಂದರೆ ತಲೆವಸ್ತ್ರ ಸರಿಮಾಡಿಕೊಳ್ಳುವವರು ಇವನು ಬಂದಾಗ ಹಾಗೇ ನಿಂತಿದ್ದರು. ಯಾರ ಕೈಯೂ ತಲೆಗೆ ಹೋಗಲಿಲ್ಲ. ಅವನು ಅದನ್ನು ಗಮನಿಸಿದ್ದನ್ನು ರಸ್ಮಿಯಾ ನೋಡಿದಳು. ಗಂಡನನ್ನು ಕೊಂದವನ ಮುಖವನ್ನು ಅವಳು ಇಷ್ಟು ಹತ್ತಿರದಿಂದ ನೋಡುತ್ತಿರುವುದು ಇದೇ ಮೊದಲು. ಎಡಗಣ್ಣಿನ ರೆಪ್ಪೆ ಅದುರುತ್ತಿತ್ತು.

"ನಿನ್ನ ಭಾವನಿಗೆ ಹೇಳು," ಎಂದ. ಎರಡು ವರ್ಷ ಪಿಸುಗುಟ್ಟಿ ಅವನ ದನಿ ಹಾಳಾಗಿತ್ತು. "ನಾನು ಓಡಲ್ಲ. ಅವನಿಗೆ ಯಾವಾಗ ಬೇಕೋ ಆವಾಗ. ಎದುರಿಗೇ ನಿಲ್ತೀನಿ. ನೀನು ಹೇಳಿದ್ರೆ ಕೇಳ್ತಾನಂತೆ."

"ಕೇಳ್ತಾರೆ," ಎಂದಳು ರಸ್ಮಿಯಾ. "ಅದಕ್ಕೇ ಹೇಳಲ್ಲ."

ಅವನು ಇನ್ನೇನೋ ಹೇಳಲು ಬಾಯಿ ತೆರೆದ. ಸಾಲಿನಲ್ಲಿದ್ದ ಹೆಂಗಸೊಬ್ಬಳು ಸೊಂಟದ ಮಗುವನ್ನು ಮೇಲಕ್ಕೆ ಸರಿಸಿಕೊಂಡು, "ಪಕ್ಕಕ್ಕೆ ಹೋಗಪ್ಪಾ, ಮಕ್ಕಳು ಬಿಸಿಲಲ್ಲಿವೆ," ಎಂದಳು. ಅವನು ಪಕ್ಕಕ್ಕೆ ಹೋದ.

ರಸ್ಮಿಯಾ ಆ ಮಗುವನ್ನು ಜೋಲಿಗೆ ಹಾಕಿಸಿಕೊಂಡು ಮುಳ್ಳು ನೋಡಿದಳು. ಅವತ್ತು ಹತ್ತೊಂಬತ್ತು ಮಕ್ಕಳಿದ್ದವು. ಅವನು ಅಲ್ಲೇ ನಿಂತಿದ್ದ. ಅವಳು ಯಾವ ಮಗುವಿಗೂ ಅವಸರ ಮಾಡಲಿಲ್ಲ.